ಅಣ್ಣನ ಫೋನಿಗೆ ತಮ್ಮನ ಮುಖ

ಹಾರಂಗಿ ಹಿನ್ನೀರಿನ ಅಂಚಿನ ಆ ಊರಿನಲ್ಲಿ ಸಣ್ಣಸ್ವಾಮಿಗೆ ಚಿಕ್ಕಂದಿನಿಂದಲೂ ಒಂದೇ ದೂರು: ಅವನ ಮುಖ ಅವನ ಸ್ವಂತದ್ದಲ್ಲ. ಒಂದೂವರೆ ವರ್ಷ ಮೊದಲು ಹುಟ್ಟಿದ ಅಣ್ಣ ದೊಡ್ಡಸ್ವಾಮಿ ಅದನ್ನು ಹೊತ್ತು ತಿರುಗಿ, ಊರಿಗೆಲ್ಲ ಪರಿಚಯ ಮಾಡಿಸಿದ ಮೇಲೆ ಇವನ ಪಾಲಿಗೆ ಬಂದಿತ್ತು. ಅಣ್ಣನ ಹಳೇ ಚಡ್ಡಿ, ಅಣ್ಣನ ಹಳೇ ಸ್ಲೇಟು, ಅಣ್ಣನ ಹಳೇ ಮುಖ. ಅಣ್ಣ ಮಾಡಿದ ತಂಟೆಗೆ ಶಾಲೆಯಲ್ಲಿ ಇವನ ಬೆನ್ನು ಬಾತುಕೊಳ್ಳುತ್ತಿತ್ತು. ಇವನು ಗೆದ್ದ ಓಟಕ್ಕೆ ಜನ ಅಣ್ಣನ ಬೆನ್ನು ತಟ್ಟುತ್ತಿದ್ದರು. ಮೀಸೆ ಬರುವ ವಯಸ್ಸಿಗೆ ದೊಡ್ಡಸ್ವಾಮಿ ದಪ್ಪಗೆ ಮೀಸೆ ಬಿಟ್ಟ. ಸಣ್ಣಸ್ವಾಮಿ ಅಂದೇ ತನ್ನದನ್ನು ಬೋಳಿಸಿದ, ಆಮೇಲೆ ಒಂದು ವಾರವೂ ಬೆಳೆಯಲು ಬಿಡಲಿಲ್ಲ. ಐವತ್ತಕ್ಕೆ ಹತ್ತಿರ ಬಂದಾಗಲೂ ಅವನು ತನ್ನದೆಂದು ಹೇಳಿಕೊಳ್ಳಬಹುದಾದ ಸಂಪಾದನೆ ಎಂದರೆ ಮೂಗಿನ ಕೆಳಗಿನ ಆ ಖಾಲಿ ಜಾಗ ಒಂದೇ.

ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕಾಡು ಕಡಿದು ಮಾಡಿದ ಜಮೀನು ಇನ್ನೂ ಭಾಗವಾಗಿರಲಿಲ್ಲ. ಶುಂಠಿ, ಜೋಳ, ಮೇಲಿನ ಏರಿಯಲ್ಲಿ ನಾಲ್ಕು ಸಾಲು ಕಾಫಿ. ಭಾಗ ಮಾಡು ಎಂದು ಸಣ್ಣಸ್ವಾಮಿ ಒಂದು ದಿನವೂ ಕೇಳಿದವನಲ್ಲ. ಊರು ಅದನ್ನು ಅಣ್ಣತಮ್ಮಂದಿರ ಹೊಂದಾಣಿಕೆ ಎಂದು ಹೊಗಳಿತು. ಹೊಂದಾಣಿಕೆಯೂ ಅಲ್ಲ, ಮಣ್ಣೂ ಅಲ್ಲ. ದೊಡ್ಡಸ್ವಾಮಿಯ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸುಮ್ಮನೆ ಕಾದರೆ ಪೂರಾ ಬರುವುದನ್ನು ಅರ್ಧ ಕೊಡು ಎಂದು ಕೇಳಲು ಸಣ್ಣಸ್ವಾಮಿಗೇನು ತಲೆ ಕೆಟ್ಟಿತ್ತೇ? ಅವನ ಹೆಂಡತಿ ಮುತ್ತಮ್ಮ ಪ್ರತಿ ಸಂಜೆ ಬೀದಿಯ ಆಚೆ ಬದಿಯ ಬಾವನ ಮನೆಗೆ ಸಾರು ಕಳಿಸುತ್ತಿದ್ದಳು. ಉಪ್ಪು ಹುಳಿ ಖಾರ ಎಲ್ಲ ಸರಿಯಾಗಿರುತ್ತಿತ್ತು. ಪ್ರೀತಿಯೊಂದನ್ನು ಬಿಟ್ಟು ಅದರಲ್ಲಿ ಎಲ್ಲವೂ ಇರುತ್ತಿತ್ತು.

ದೊಡ್ಡಸ್ವಾಮಿ ಬಾವಿಗೆ ಇಳಿಸುವ ಸಿಮೆಂಟ್ ರಿಂಗು, ಬೇಲಿಯ ಕಂಬ ಎರಕ ಹೊಯ್ದು ಮಾರುತ್ತಿದ್ದ. ಪಿಕಪ್ಪಿನಲ್ಲಿ ಹೇರಿಕೊಂಡು ವಿರಾಜಪೇಟೆ ಕಡೆಯ ಎಸ್ಟೇಟುಗಳಿಗೆ ಹೋಗಿ ಬರುವಾಗ ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಕ್ಯಾಂಟೀನಿನಲ್ಲಿ ಊಟ. ಅದನ್ನು ನಡೆಸುತ್ತಿದ್ದವಳು ಯಮುನಾ, ಗಂಡನನ್ನು ಕಳೆದುಕೊಂಡವಳು. ಮೊದಮೊದಲು ಅನ್ನದ ಮೇಲಿನ ಮಾತು, ಆಮೇಲೆ ಫೋನಿನ ಮಾತು. ಅವ್ವ ಜವರಮ್ಮ ಹಾಸಿಗೆ ಹಿಡಿದಾಗ ದೊಡ್ಡಸ್ವಾಮಿ ಅವಳ ಕಿವಿಯಲ್ಲಿ ವಿಷಯ ಹೇಳಿದ. ಮುದುಕಿ ಸಾಯುವ ಮೊದಲು ಎಲ್ಲರಿಗೂ ಕೇಳುವಂತೆ, ಆ ಹೆಣ್ಣನ್ನು ಕರ್ಕೊಂಡು ಬಾ, ಎಷ್ಟು ದಿನ ಒಬ್ಬನೇ ಒಲೆ ಊದ್ತೀಯೆ ಎಂದುಬಿಟ್ಟಳು. ಪಕ್ಕದಲ್ಲಿ ಕುಳಿತು ಅವಳ ಕಾಲು ಒತ್ತುತ್ತಿದ್ದ ಸಣ್ಣಸ್ವಾಮಿಯ ಕೈ ಹಾಗೇ ನಿಂತಿತು.

ಅವ್ವ ತೀರಿಕೊಂಡಳು. ಸಣ್ಣಸ್ವಾಮಿಯ ಮನೆಯಿಂದಲೇ ಅವಳನ್ನು ಎತ್ತಿದ್ದರಿಂದ ಹನ್ನೊಂದನೆಯ ದಿನದ ತಿಥಿ ಮುಗಿಯುವವರೆಗೆ ಇಬ್ಬರು ಮಕ್ಕಳೂ ಅಲ್ಲೇ ಇರಬೇಕಾಯಿತು. ಮೂರನೆಯ ದಿನ ಹಾಲುತುಪ್ಪಕ್ಕೆ ಮೊದಲು, ಅವರ ಮನೆತನದ ಪದ್ಧತಿಯಂತೆ, ಇಬ್ಬರೂ ತಲೆ ಮೀಸೆ ಬೋಳಿಸಿಕೊಂಡು ಹಿನ್ನೀರಿನಲ್ಲಿ ಮುಳುಗಿ ಎದ್ದರು. ಎದ್ದು ಬಂದವರನ್ನು ನೋಡಿ ಬಂಧುಗಳು ತಬ್ಬಿಬ್ಬಾದರು. ಹಿರಿಯನಿಗೆ ಕೊಡಬೇಕಾದ ದರ್ಭೆಯನ್ನು ಕಿರಿಯನಿಗೆ ಕೊಟ್ಟರು. ಇಷ್ಟು ವರ್ಷ ಕೆರೆದು ಕೆರೆದು ಉಳಿಸಿಕೊಂಡಿದ್ದ ವ್ಯತ್ಯಾಸ ಒಂದು ಬ್ಲೇಡಿಗೆ ಹೋಗಿತ್ತು.

ದೊಡ್ಡಸ್ವಾಮಿಯ ಫೋನೂ ತಬ್ಬಿಬ್ಬಾಯಿತು. ಮುಖ ನೋಡಿ ಬೀಗ ತೆಗೆಯುತ್ತಿದ್ದ ಅದು, ಮೀಸೆ ಇಲ್ಲದ ಒಡೆಯನನ್ನು ಒಳಗೆ ಬಿಡಲಿಲ್ಲ. ಹಾಲುತುಪ್ಪಕ್ಕೆ ಬಂದಿದ್ದ ಮೊಬೈಲ್ ಅಂಗಡಿಯ ನವೀನ್ ಅದನ್ನು ಸರಿ ಮಾಡಲು ಜಗಲಿಯ ಮೇಲೆ ಕುಳಿತ. ಮೊದಲು ಹೆಬ್ಬೆರಳು ಒತ್ತಿಸಿದ, ಆಮೇಲೆ ತೋರುಬೆರಳು, ಆಮೇಲೆ ಎಡಗೈ. ಸಿಮೆಂಟು ತಿಂದ ಬೆರಳುಗಳು ಅವು, ಗೆರೆ ಎನ್ನುವುದೇ ಉಳಿದಿರಲಿಲ್ಲ. ಫೋನು ಒಂದನ್ನೂ ಒಪ್ಪಲಿಲ್ಲ.

“ಬೆರಳೇ ವಾಸಿ ಕಣಣ್ಣ. ಕೈ ಒಂದಷ್ಟು ದಿನ ಸಿಮೆಂಟ್ ಮುಟ್ದೆ ಇದ್ರೆ ಗೆರೆ ಬತ್ತದೆ, ಆಗ ಹಾಕ್ಕೊಡ್ತೀನಿ. ಮುಖ ಇಟ್ರೆ ಹೋಲೋರು ಯಾರ್ ಬೇಕಾದ್ರೂ ತೆಗೀಬೌದು,” ಎಂದ ನವೀನ್.

“ನನ್ ಹೋಲೋನು ಯಾರವ್ನೆ, ನನ್ ತಮ್ಮ ತಾನೆ? ನೋಡ್ಕಳ್ಲಿ ಬುಡು,” ಎಂದ ದೊಡ್ಡಸ್ವಾಮಿ. ಬೋಳು ಮುಖವನ್ನು ಫೋನಿನ ಮುಂದೆ ಎಡಕ್ಕೆ ಬಲಕ್ಕೆ ತಿರುಗಿಸಿ ಕೊಟ್ಟ. ಕಂಬಕ್ಕೆ ಒರಗಿದ್ದ ಸಣ್ಣಸ್ವಾಮಿ ಆ ಮಾತನ್ನು ಕೇಳಿಸಿಕೊಂಡ, ನಕ್ಕ, ಒಳಗೆ ಹೋಗಿ ನೀರು ಕುಡಿದ.

ಆಮೇಲಿನ ದಿನಗಳಲ್ಲಿ ಅಣ್ಣ ಸ್ನಾನಕ್ಕೆ ಹೋದಾಗಲೆಲ್ಲ ತಮ್ಮನಿಗೆ ಕಿಟಕಿಯ ಹತ್ತಿರ ಏನಾದರೂ ಕೆಲಸ ಇರುತ್ತಿತ್ತು. ಫೋನು ಅಲ್ಲಿ ಚಾರ್ಜಿಗೆ ಇರುತ್ತಿತ್ತು. ಎತ್ತಿ ಮುಖದ ನೇರಕ್ಕೆ ಹಿಡಿದರೆ ಸಾಕು, ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಯಮುನಾ ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದಳು. ಸಣ್ಣಸ್ವಾಮಿ ಅದನ್ನು ಕಿವಿಗೆ ಒತ್ತಿಕೊಂಡು ಕೇಳಿದ. ತನ್ನಣ್ಣನ ದನಿಯನ್ನೂ ಕೇಳಿದ. ಎತ್ತಿಗೂ ಆಳಿಗೂ ಒಂದೇ ದನಿಯಲ್ಲಿ ಗದರುವ ಮನುಷ್ಯ ಅವಳನ್ನು ನೀವು, ತಾವು ಎಂದು ಕರೆಯುತ್ತಿದ್ದ. ಚಳಿ ಇದೆ, ಕಾಲಿಗೆ ಸಾಕ್ಸ್ ಹಾಕಿಕೊಂಡು ಮಲಗಿ ಎನ್ನುತ್ತಿದ್ದ. ಸಣ್ಣಸ್ವಾಮಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೊಟ್ಟೆ ಉರಿಯಿತು.

ತಿಥಿಯ ಹಿಂದಿನ ದಿನ ಬೆಳಗ್ಗೆ ಯಮುನಾಳಿಂದ ಬಂದ ಮಾತು ಇದು: ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ, ನಿಮ್ಮ ತಾಯಿಯ ಎಡೆಗೆ ನಾನೇ ಕಡುಬು ಮಾಡಿ ತರುತ್ತೇನೆ, ನೆಂಟರ ಮುಂದೆ ನನ್ನನ್ನು ಏನಂತ ಹೇಳುತ್ತೀರಿ? ಅಷ್ಟು ಜನರ ಮುಂದೆ ಅವಳು ಬಂದು ಎಡೆ ಇಟ್ಟಳೆಂದರೆ ಮುಗಿಯಿತು, ಅವಳು ದೊಡ್ಡಸ್ವಾಮಿಯ ಮನೆಯವಳು. ಜಮೀನಿನ ಅರ್ಧ ಕಣ್ಣೆದುರಿಗೇ ಬಸ್ಸಿಳಿದು ನಡೆದು ಬರುವುದು ಸಣ್ಣಸ್ವಾಮಿಗೆ ಕಂಡಿತು. ಅವನು ಹೆಚ್ಚು ಯೋಚಿಸಲಿಲ್ಲ. ಬರಬೇಡಿ ಎಂದು ಒಂದೇ ಮಾತು ಬರೆದು ಕಳಿಸಿದ.

ತಕ್ಷಣ ಅವಳ ವಿಡಿಯೋ ಕರೆ ಬಂತು. ಅದನ್ನು ಅವನು ಎಣಿಸಿರಲಿಲ್ಲ. ಎತ್ತದೆ ಬಿಟ್ಟರೆ ಅಣ್ಣ ಬಂದ ಮೇಲೆ ಮತ್ತೆ ಬರುತ್ತದೆ. ಫೋನು ಹಿಡಿದು ಕೊಟ್ಟಿಗೆಗೆ ಹೋದ, ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕರೆ ಎತ್ತಿದ.

ಹಬೆಯಾಡುವ ಪಾತ್ರೆಗಳ ಮುಂದೆ ಒಂದು ಹೆಂಗಸಿನ ಮುಖ. ಬರಬೇಡಿ ಎಂಬ ಮಾತಿನ ಗಾಬರಿ ಅದರಲ್ಲಿತ್ತು. ಆದರೆ ಇವನನ್ನು ನೋಡಿದೊಡನೆ ಅದು ಸಡಿಲವಾಯಿತು.

“ತಲೆ ಬೋಳಿಸಿದ್ರೆ ಇಷ್ಟು ಚಿಕ್ಕವರ ಹಾಗೆ ಕಾಣ್ತೀರಲ್ಲ,” ಎಂದಳು. “ಕಣ್ಣೆಲ್ಲ ಒಳಗೆ ಹೋಗಿದೆ. ಊಟ ಮಾಡ್ತಾ ಇದ್ದೀರಾ ಇಲ್ವಾ?”

ಹಾಗೆ ನೋಡಿಕೊಂಡು ಅವನನ್ನು ಯಾರೂ ಕೇಳಿದ್ದಿಲ್ಲ. ಮುತ್ತಮ್ಮ ತಟ್ಟೆ ಇಡುತ್ತಿದ್ದಳು, ಅಷ್ಟೆ. ಇಲ್ಲಿ ಅವನ ಮನಸ್ಸು ಕರಗಿತು ಎಂದು ಬರೆಯಲು ನನಗೂ ಆಸೆ. ಕರಗಲಿಲ್ಲ. ಇದೂ ಅಣ್ಣನಿಗೇ ಸೇರಿದ್ದು ಎಂಬುದು ನೆನಪಾಗಿ, ಇದ್ದ ಸಿಟ್ಟು ಇಮ್ಮಡಿಯಾಯಿತು.

ಅವ್ವ ಇದ್ದಾಗ ಅವಳ ಸಮಾಧಾನಕ್ಕೆ ಏನೋ ಒಪ್ಪಿದ್ದೆ, ಈಗ ಬೇಡ ಎಂದ. ದನಿಯೂ ಅಣ್ಣನದ್ದೇ ಅಚ್ಚು; ಅವನ ಹಾಗೆಯೇ ನಿಧಾನಕ್ಕೆ, ನೀವು ಎಂದೇ ಶುರು ಮಾಡಿದ. ಅವಳು ನಂಬದೆ, ಯಾರಾದರೂ ಏನಾದರೂ ಅಂದರಾ, ನಿಮ್ಮ ತಮ್ಮ ಅಂದರಾ ಎಂದು ಕೇಳಿದಳು. ತಮ್ಮನ ಹೆಸರು ಬಂದದ್ದೇ ತಡ, ಸಣ್ಣಸ್ವಾಮಿಯ ಮರ್ಯಾದೆ ಮುಗಿಯಿತು.

“ನನ್ ತಮ್ಮನ ಸುದ್ದಿ ನಿನಗ್ಯಾಕೆ? ನಾನೇ ಹೇಳ್ತಾ ಇವ್ನಿ. ಬಸ್‌ಸ್ಟ್ಯಾಂಡಲ್ಲಿ ಕಂಡೋರಿಗೆಲ್ಲ ಅನ್ನ ಇಕ್ಕೋಳು ನೀನು. ನೀನ್ ಬಂದು ಮುಂದೆ ನಿಂತ್ರೆ ನಮ್ಮವ್ವನ ಎಡೆ ಕಾಗೆನೂ ಮುಟ್ಟಾಕಿಲ್ಲ.”

ಹಿಂದಿನಿಂದ ಯಾರೋ ಚಹಾ ಕೇಳಿದರು, ಅವಳು ತಿರುಗಲಿಲ್ಲ. ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂತು, ಒರೆಸಿಕೊಳ್ಳಲಿಲ್ಲ. ಇವನ ಮುಖವನ್ನೇ ನೋಡುತ್ತ, ಎಲ್ಲಾದರೂ ಒಂದು ಕಡೆ ಅದು ಸುಳ್ಳು ಹೇಳುತ್ತಿರಬಹುದೇ ಎಂದು ಹುಡುಕಿದಳು. ಸಿಗಲಿಲ್ಲ. “ನಿಮ್ಮ ಬಾಯಲ್ಲೇ ಬಂತಲ್ಲ, ಸಾಕು,” ಎಂದು ಕರೆ ಮುಗಿಸಿದಳು. ಸಣ್ಣಸ್ವಾಮಿ ಬರೆದದ್ದನ್ನೂ ಕರೆಯ ಗುರುತನ್ನೂ ಅಳಿಸಿ ಫೋನನ್ನು ಕಿಟಕಿಯಲ್ಲಿಟ್ಟ. ದನಗಳಿಗೆ ಹುಲ್ಲು ಹಾಕಿದ.

ಮರುದಿನ ಎಡೆ ಇಟ್ಟು ಎರಡು ಹೆಜ್ಜೆ ಹಿಂದೆ ಬರುವಷ್ಟರಲ್ಲಿ ಕಾಗೆ ಬಂದು ಮುಟ್ಟಿತು. ಮುದುಕಿಗೆ ಯಾವ ಆಸೆಯೂ ಉಳಿದಿಲ್ಲ ಎಂದು ನೆಂಟರು ಸಂತೋಷಪಟ್ಟರು. ದೊಡ್ಡಸ್ವಾಮಿ ಕಾಗೆಯನ್ನು ನೋಡಲಿಲ್ಲ, ರಸ್ತೆಯನ್ನು ನೋಡುತ್ತಿದ್ದ. ಬಸ್ಸುಗಳು ಬಂದವು, ಹೋದವು. ಹಿಂದಿನ ಸಂಜೆಯಿಂದ ಎಷ್ಟು ಸಲ ಫೋನು ಮಾಡಿದರೂ ಅವಳು ಎತ್ತಿರಲಿಲ್ಲ. ಕಡುಬು ಬೇಯಿಸುವ ಗಡಿಬಿಡಿ ಎಂದುಕೊಂಡಿದ್ದ. ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆಗೆ ಯಾರನ್ನೂ ಕೂರಲು ಬಿಡಲಿಲ್ಲ. ಕೊನೆಗೆ ಮುತ್ತಮ್ಮ ಬಂದು ಆ ಎಲೆಯನ್ನು ಮಡಿಸಿ ತೆಗೆದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳುವ ಅಗತ್ಯ ಇರಲಿಲ್ಲ.

ಮರುದಿನ ದೊಡ್ಡಸ್ವಾಮಿ ವಿರಾಜಪೇಟೆಗೆ ಹೋದ. ಸಂಜೆ ಬಂದು ತನ್ನ ಮನೆಯ ಬೀಗ ತೆಗೆಯದೆ ನೇರವಾಗಿ ತಮ್ಮನ ಜಗಲಿ ಹತ್ತಿದ. ಸಣ್ಣಸ್ವಾಮಿ ಎದ್ದು ನಿಂತ. ಏಟು ಬೀಳುತ್ತದೆ ಎಂದು ಮೈ ಬಿಗಿ ಮಾಡಿಕೊಂಡ, ಬಿದ್ದರೆ ಏನು ಹೇಳಬೇಕೆಂದೂ ಕಟ್ಟಿಕೊಂಡಿದ್ದ: ಮನೆತನದ ಮಾನ, ಅವ್ವನ ಆತ್ಮ, ಇಂಥವೇ ನಾಲ್ಕು.

ದೊಡ್ಡಸ್ವಾಮಿ ಕೈ ಎತ್ತಲಿಲ್ಲ. ಗೋಡೆಗೆ ಒರಗಿ ಕುಳಿತು ನಡೆದದ್ದನ್ನು ಬೇರೆ ಯಾರದೋ ಸಂಗತಿಯಂತೆ ಹೇಳಿದ. ಮುಖ ತೋರಿಸಿಯೇ ಹೇಳಿದಿರಲ್ಲ ಎಂದಳಂತೆ ಯಮುನಾ. ಆಗಲೇ ದೊಡ್ಡಸ್ವಾಮಿಗೆ ಯಾರ ಕೆಲಸ ಎಂದು ತಿಳಿಯಿತಂತೆ. ಅದು ನಾನಲ್ಲ, ನನ್ನ ತಮ್ಮ ಎಂದು ಬಸ್‌ಸ್ಟ್ಯಾಂಡಿನ ಜನರೆದುರೇ ಕೈ ಮುಗಿದನಂತೆ. ಅವಳು ನಂಬಿದಳು. ನಂಬಿದ ಮೇಲೂ ಬೇಡ ಎಂದಳು.

“ಈ ಮುಖ ನೋಡ್ಕೊಂಡೇ ಅಷ್ಟೂ ಮಾತು ಕೇಳಿದ್ದೇನೆ, ಇನ್ನು ದಿನಾ ಇದನ್ನೇ ಎದುರಿಗೆ ಕೂರಿಸ್ಕೊಂಡು ಅನ್ನ ಬಡಿಸೋಕೆ ನನ್ನಿಂದ ಆಗಲ್ಲ. ಅಂಗಂದ್ಲು ಕಣೋ,” ಎಂದ ದೊಡ್ಡಸ್ವಾಮಿ.

ಸಣ್ಣಸ್ವಾಮಿಯ ಬಿಗಿದ ಮೈ ಸಡಿಲವಾಯಿತು. ಗೆದ್ದಿದ್ದ. ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

ದೊಡ್ಡಸ್ವಾಮಿ ತಲೆ ಎತ್ತಿ ತಮ್ಮನನ್ನು ನೋಡಿದ. ಆ ನೋಟದಲ್ಲಿ ದ್ವೇಷ ಇರಲಿಲ್ಲ, ಬೇಡಿಕೆ ಇತ್ತು. ಆ ಮಾತು ಕೇಳಿದ ಗಳಿಗೆಯಲ್ಲಿ ಯಮುನಾಳ ಮುಖ ಕಂಡವನು ಲೋಕದಲ್ಲಿ ಈ ತಮ್ಮನೊಬ್ಬನೇ.

“ನೀನು ಅವ್ಳ ಮುಖ ನೋಡ್ತಿದ್ದೆಯಲ್ಲ ಆವತ್ತು,” ಎಂದ. “ಅತ್ಲಾ?”

ಸಣ್ಣಸ್ವಾಮಿ ಉತ್ತರಿಸುವ ಮೊದಲು ಲೆಕ್ಕ ಹಾಕಿದ. ಹೌದು ಎಂದರೆ ಅಣ್ಣ ನಾಳೆಯೇ ಮೊದಲ ಬಸ್ಸು ಹಿಡಿಯುತ್ತಾನೆ. ನಾಡಿದ್ದೂ ಹೋಗುತ್ತಾನೆ. ಅತ್ತವಳು ಎಂದಾದರೂ ಒಂದು ದಿನ ಕರಗುತ್ತಾಳೆ, ಆ ಬಾಗಿಲಿನ ಮುಂದೆ ಇವನು ಎಷ್ಟು ವರ್ಷ ಬೇಕಾದರೂ ನಿಲ್ಲುತ್ತಾನೆ. ಹಬೆಯ ಮುಂದೆ ಗಲ್ಲಕ್ಕೆ ಇಳಿದ ಆ ನೀರು ಸಣ್ಣಸ್ವಾಮಿಯ ಕಣ್ಣಿಗೆ ಸ್ಪಷ್ಟವಾಗಿ ಕಟ್ಟಿತ್ತು. ಅವನು ಅಣ್ಣನ ಹೆಗಲ ಮೇಲೆ ಕೈ ಇಟ್ಟ.

“ಇಲ್ಲ ಕಣಣ್ಣ. ನಕ್ಬುಟ್ಟು ಫೋನ್ ಇಟ್ಬುಟ್ಲು.”

ದೊಡ್ಡಸ್ವಾಮಿ ಹಂಗಾರೆ ಸರಿ ಎಂದು ಎದ್ದು, ಕೈ ತೊಳೆದುಕೊಂಡು, ಮುತ್ತಮ್ಮ ಇಟ್ಟ ತಟ್ಟೆಯ ಮುಂದೆ ಕುಳಿತ.