ಸವಳ ನೀರ ಕುಡದ ದಾಸಾಳ

ಕೈಯಾಗ ಕೊಡ ಇರದಿದ್ರೂ ಕಾಕೂ ಬಲಕ್ಕ ವಾಲಿ ನಡೀತಿದ್ಳು. ಎಡಗಡೆ ಸೊಂಟದ ಮ್ಯಾಲೆ ನೀರ ಹೊತ್ತು ಹೊತ್ತು ಅಲ್ಲಿ ಸೀರಿ ಬಣ್ಣ ಸುದ್ದಾ ಹಾರಿ ಹೋಗಿತ್ತು.

ನಾ ವಿಜಾಪುರಕ್ಕ ಹೊಸಾ ಕಾರಕೂನ ಆಗಿ ಬಂದಾಗ ಆಕಿ ಮನಿ ಮುಂದಿನ ಖೋಲಿ ಬಾಡಗಿ ಹಿಡದಿದ್ದೆ. ಗಂಡ ತೀರಿಕೊಂಡಿದ್ದ, ಒಬ್ಬಾಕಿ ಮಗಳನ್ನ ಬಬಲೇಶ್ವರಕ್ಕ ಕೊಟ್ಟಿದ್ಳು. ಮನ್ಯಾಗ ಉಳದದ್ದು ಕಾಕೂ, ಹಿತ್ತಲದಾಗ ಒಂದು ಬ್ಯಾಸಗಿ ದಾಸಾಳ, ಮತ್ತ ನಾ. ಮೂರರಾಗ ಯಾತಕ್ಕೂ ಬಾರದ್ದು ನಾನ.

ಬಿಳಿ ಹೂ, ನಡಬರಕ ಕೆಂಪು. ಊರಾಗಿನ ಗಿಡಾ ಎಲ್ಲಾ ಬಿಸಲಿಗೆ ಕರಕಾದಾಗ ಇದು ಅರಳತಿತ್ತು. ಚಳಿ ಮುಗದ ಕೂಡಲೇ ಕಾಕೂ ಕುಡಗೋಲ ತಗೊಂಡು ಅದನ್ನ ಬೋಳ ಮಾಡತಿದ್ಳು. "ಪಾಪ, ಅದಕ್ಯಾಕ್ರಿ ಈ ಶಿಕ್ಷಾ?" ಅಂದ್ರ, "ಹೊಸಾ ಟೊಂಗಿಗೇ ಮೊಗ್ಗಿ ಬರತಾವ ತಮ್ಮಾ" ಅಂತಿದ್ಳು. ತಾ ಹಿತ್ತಲ ಬಾವಿಯ ಉಪ್ಪುಪ್ಪು ಸವಳ ನೀರಾಗ ಜಳಕಾ ಮಾಡತಿದ್ಳು. ಗಿಡಕ್ಕ ಮಾತ್ರ ದೂರದ ಮೆಟ್ಟಲ ಬಾವಿ, ಬಾವಡಿಯಿಂದ ಸೀ ನೀರು.

ಯಾಕಂದ್ರ ಆ ಹೂವಿನಿಂದಾನ ಬಬಲೇಶ್ವರದ ಬಾಗಲಾ ತೆರೀತಿತ್ತು. ಮದವಿಯೊಳಗ ಕಾಲಿಗೆ ನೀರ ಕೊಡೂದು ತಡಾ ಮಾಡಿದ್ರಂತ ಬೀಗತಿ ಸಿಟ್ಟಾಗಿ, ಕಾಕೂನ್ನ ಹೊಸ್ತಲಾ ದಾಟಸತಿರಲಿಲ್ಲ. ಆದ್ರ ಬ್ಯಾಸಗಿ ಮಂಗಳವಾರ ಅವರ ದೇವಿಗೆ ಹೂ ಎಲ್ಲೂ ಸಿಗತಿರಲಿಲ್ಲ. ಕಾಕೂ ಹಸೀ ಅರಬ್ಯಾಗ ದಾಸಾಳ ಸುತ್ತಿಕೊಂಡು ಬಸ್ಸಿಗೆ ಹೋಗಾಕಿ. ಹೂ ಕೊಟ್ಟು, ಮಗಳ ಕೈಲೆ ಒಂದ ವಾಟಿ ಚಾ ಕುಡದು, ವಾಪಸ್. ಅಷ್ಟ. ಆ ವರ್ಷ ಮಗಳು ಚೊಚ್ಚಲ ಬಸರಿ. ಬಾಣಂತನಕ್ಕ ತವರಿಗೆ ಕಳಸಾಂಗಿಲ್ಲ ಅಂತ ಬೀಗತಿ ಹೇಳಿಬಿಟ್ಟಿದ್ಳು.

ಗಿಡದ ತುಂಬ ಮೊಗ್ಗಿ ಬಂದಿದ್ದವು. ಅಷ್ಟರಾಗ ತಿಕೋಟಾದ ತಂಗಿಗೆ ಜಡ್ಡಂತ ಕಾಕೂ ನಾಕ ದಿನಾ ಹೋಗಬೇಕಾತು. "ದಿನಾ ಒಂದ ಕೊಡ, ಬಾವಡೀದು. ಮರೀಬ್ಯಾಡ ಲೇ" ಅಂದ್ಳು.

ನಾ ಶಾಣ್ಯಾ! ಗಿಡಕ್ಕೇನ ನಾಲಿಗಿ ಐತೇನು, ಸೀ ಯಾವುದು ಸವಳ ಯಾವುದು ತಿಳ್ಯಾಕ? ಒಂದರ ಬದಲಿ ಹತ್ತ ಕೊಡ, ಹಿತ್ತಲ ಬಾವೀದ ಸುರುವಿದೆ. ಸಂಜೀಕ ಗಾಳಿಗೆ ಗಿಡಾ ತಲಿ ಅಲ್ಲಾಡಸ್ತು. ಭೇಷ್ ಅನ್ನಾಕತ್ತೈತಿ ಅಂತ ತಿಳದೆ. ಅದು ಬ್ಯಾಡೋ ಬ್ಯಾಡೋ ಅನ್ನಾಕತ್ತಿತ್ತು.

ಕಾಕೂ ಬರೂದ್ರಾಗ ಎಲಿ ಹಳದಿ, ಬುಡದ ಮಣ್ಣ ಮ್ಯಾಲೆ ಬೆಳ್ಳನ್ನ ಪದರು. ಆಕಿ ಒಂದ ಬೆರಳ ಮಣ್ಣ ತಗದು ನಾಲಿಗೀಗೆ ಹಚ್ಚಿ ನೋಡಿದ್ಳು.

"ಇದು ಹಿತ್ತಲ ಬಾವೀದು."

"ಹೌದ್ರಿ ಕಾಕೂ."

ಬಯ್ಯಲಿಲ್ಲ. ಬಯ್ದಿದ್ರ ನಾ ಬದುಕತಿದ್ದೆ. ಅಲ್ಲೇ ಕುಂತ್ಳು.

ಆಮ್ಯಾಲೆ ಮ್ಯಾಲಿನ ಮಣ್ಣ ತಗದು ಹೊಸಾ ಮಣ್ಣ ಹಾಕಿದ್ವಿ. ಉಪ್ಪ ತೊಳದು ಹೋಗ್ಲಿ ಅಂತ ನಾನ ಬಾವಡಿಯಿಂದ ಕೊಡದ ಮ್ಯಾಲೆ ಕೊಡ ಹೊತ್ತೆ. ಮೆಟ್ಟಲದಾಗ ಜಾರಿ ಬಿದ್ದಾಗ ಹೆಣಮಕ್ಕಳು ನಕ್ಕಿದ್ದೇ ನಕ್ಕಿದ್ದು: "ಏ ಸಾಹೇಬ್ರ, ಕೊಡಾ ನೀವ ಹೊತ್ತೀರೋ, ಕೊಡಾ ನಿಮ್ಮನ್ನ ಹೊತ್ತೈತೋ?" ಮೊಗ್ಗಿ ದಿನಾ ಉದರತಿದ್ದವು. ಕಡೀ ಮೊಗ್ಗಿಗೆ ಕಾಕೂ ತನ್ನ ಸೆರಗ ಹಿಡದು ನೆರಳ ಮಾಡಿ ನಿಂದರತಿದ್ಳು. ಮಂಗಳವಾರ ಮುಂಜಾನೆ ಅದೂ ನೆಲದ ಮ್ಯಾಲೆ ಬಿದ್ದಿತ್ತು.

"ನಡಿ, ಬರೇಗೈಲೇ ಹೋಗೂಣು" ಅಂದ್ಳು. ನಾನೂ ಬೆನ್ನ ಹತ್ತಿದೆ.

ಬಬಲೇಶ್ವರದಾಗ ಬೀಗತಿ ಬಾಗಲಕ್ಕ ಕೈ ಅಡ್ಡ ಹಿಡದು ನಿಂತ್ಳು. "ಹೂ ಎಲ್ಲಿ?"

ನಾ ಆಕಿ ಕಾಲಿಗೆ ಬಿದ್ದೆ. "ಗಿಡಾ ನಾ ಕೊಂದೇನ್ರಿ ಅವ್ವಾರ. ಶಿಕ್ಷಾ ನನಗ ಕೊಡ್ರಿ, ಇವರನ್ನ ಒಳಗ ಬಿಡ್ರಿ."

"ಅಬಾಬಾ! ಈಗ ನಾಟಕದಾಂವನ್ನೂ ಕರಕೊಂಡ ಬಂದೀರೇನು?" ಅಂದಾಕಿನ ಕದಾ ಹಾಕ್ಕೊಂಡ್ಳು. ಜನಮದಾಗ ಒಮ್ಮೆ ಖರೇ ಹೇಳಿದ್ದೆ, ಅದೂ ನಾಟಕ ಆತು.

ಕಾಕೂ ಓಣಿ ಕಡೆಯ ಕಿಟಕಿ ಹಂತ್ಯಾಕ ಹೋಗಿ ನಿಂತ್ಳು.

"ಊಟಾ ಆತೇನವಾ?"

ಒಳಗಿಂದ ಮಗಳ ದನಿ ಬಂತು. "ಆತು ಬೇ."

"ನೀರ ಬಾಳ ಕುಡಿ. ಬ್ಯಾನಿ ಬಂದ್ರ ಅಂಜಬ್ಯಾಡ."

"ಹೂಂ ಬೇ. ನೀ ಹೋಗು, ಬಿಸಲ ಐತಿ."

ಬಸ್ಸಿನ್ಯಾಗ ಕಾಕೂ ಬುತ್ತಿ ಗಂಟ ಬಿಚ್ಚಿ, "ಮುಂಜಾನೆಯಿಂದ ಏನೂ ತಿಂದಿಲ್ಲ ನೀ" ಅಂತ ಅರ್ಧಾ ರೊಟ್ಟಿ ನನ್ನ ಕೈಯಾಗ ಇಟ್ಟಳು. ಅಂಥಾ ರೊಟ್ಟಿ ಯಾವ ವೈರಿಗೂ ಬ್ಯಾಡ.

ಗಂಡ ಕೂಸ ಹುಟ್ಟೇತಿ ಅಂತ ಯಾರೋ ಬಂದು ಹೇಳಿ ಹೋದ್ರು. ಕಾಕೂ ಎರಡ ಸಲ ಹೋಗಿ, ಕಿಟಕಿಯೊಳಗಿಂದ ಅಳೂದ ಅಷ್ಟ ಕೇಳಿ ಬಂದ್ಳು. ಗಿಡಾ ಮಳಿಗಾಲಕ್ಕೂ ಚಿಗೀಲಿಲ್ಲ. ದೀಪಾವಳಿ ಮುಂದ ಜ್ವರಾ ಬಂದಿದ್ದೇ ನೆವ, ಮೂರನೇ ದಿನಕ್ಕ ಕಾಕೂ ಹೋಗಿಬಿಟ್ಟಳು.

ಸಾವಿನ ಸುದ್ದಿಗೆ ಬೀಗತಿ ಸೊಸಿನ್ನ ತಡೀಲಿಲ್ಲ. ಮಗಳು ಕೂಸ ಎತಗೊಂಡ ಬಂದ್ಳು. ಬಾಗಲದಾಗ ನನ್ನ ನೋಡಿ ನಿಂತ್ಳು.

"ಗಿಡಕ್ಕ ನೀರ ಹಾಕಿದಾಂವ ನೀನ ಏನ ತಮ್ಮಾ?"

ಮಾತಿನ್ಯಾಗ ಊರನ್ನ ಸೋಲಸಾಂವ ನಾ. "ಹೌದ್ರಿ ಅಕ್ಕಾ" ಅಂದೆ.

ಆಕಿ ಕೂಸನ್ನ ನನ್ನ ಕೈಯಾಗ ಕೊಟ್ಟು ಅವ್ವನ ಹಂತ್ಯಾಕ ಓಡಿದ್ಳು. ಕಾಕೂ ಒಮ್ಮೆನೂ ಎತಗೊಳ್ಳದ ಕೂಸು ಅದು. ನನ್ನ ಮೂಗ ಹಿಡದು ಜಗ್ಗಾಕತ್ತಿತು. ನಗಸಬೇಕಿತ್ತು ನಾ. ಆಗಲಿಲ್ಲ.