ಇ ಕಾರ್ಡ್ ಬಿಡದ ಪುಟ್ಟಲಕ್ಷ್ಮಿ

ಗುರುಪುರದ ಪುಟ್ಟಲಕ್ಷ್ಮಿ ಮದುವೆಮನೆಯಲ್ಲಿ ಬಾಯಿ ತೆರೆದರೆ ಬೀಗರು ತಲೆ ತಗ್ಗಿಸಬೇಕಿತ್ತು. ಸೋಬಾನೆ ಎತ್ತಿಕೊಡುವವಳೂ ಅವಳೇ, ಬೀಗರನ್ನು ಹಾಡಿನಲ್ಲಿ ಹಂಗಿಸುವವಳೂ ಅವಳೇ. ಕತ್ತಿನ ಗಡ್ಡೆ ತೆಗೆಸಿದ ಮೇಲೆ ದನಿ ಹೋಯಿತು, ಪಿಸುಮಾತು ಉಳಿಯಿತು. ಆಮೇಲೆ ಬಂದ ಮೊದಲ ಮದುವೆಯಲ್ಲಿ ಎಂದಿನಂತೆ ಚಾಪೆಯ ಮುಂದೆ ಕೂತಳು. "ಅಕ್ಕ, ನೀನು ಇಂದಕ್ಕೆ ಕುಂತ್ಕೊ, ಮೈಕ್ ಹಿಡಿಯೋರ್ಗೆ ಜಾಗ ಬೇಕು" ಅಂದರು ಮದುವೆಮನೆಯವರು. ಅವಳು ಹಿಂದಕ್ಕೂ ಕೂರಲಿಲ್ಲ, ಊಟಕ್ಕೂ ನಿಲ್ಲಲಿಲ್ಲ. ಸೀದಾ ಮನೆಗೆ ಬಂದಳು.

ಸೊಸೆ ಪವಿತ್ರ ತವರಿನಿಂದ ತಂದಿದ್ದ ಗಿಟಾರು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

"ಇದ್ನ ನಂಗೆ ಕಲ್ಸು."

"ಬೆರಳು ನೋಯ್ತವೆ ಅತ್ತೆ."

"ಒಗೆಸೊಪ್ಪು ಪೋಣ್ಸಿರೋ ಬೆರಳು ಕಣೆ ಇವು. ಅದ್ಯಾವ ತಂತಿ ನೋಯ್ಸೀತು, ನಾನೂ ನೋಡ್ತೀನಿ."

ನೋಯಿಸಿತು. ಅವಳು ಸೊಸೆಗೆ ಹೇಳಲಿಲ್ಲ, ಅಷ್ಟೆ.

ಪವಿತ್ರ ಬ್ಲೂಸ್‌ನಿಂದ ಶುರು ಮಾಡಿದಳು. ಮೂರೇ ಕಾರ್ಡು ಸಾಕು, ಹಲವು ತಂತಿ ಒಟ್ಟಿಗೆ ಒತ್ತಿ ಮೀಟುವ ಮೂರು ಹಿಡಿತ. "ಅಮೆರಿಕದಲ್ಲಿ ಹತ್ತಿ ಹೊಲದಲ್ಲಿ ದುಡಿತಿದ್ದೋರ ಪದ ಅತ್ತೆ. ಒಂದ್ ಸಾಲು ಹೇಳೋದು, ಅದನ್ನೇ ಇನ್ನೊಂದ್ಸಲ ಹೇಳೋದು, ಮೂರನೇದ್ರಲ್ಲಿ ಉತ್ತರ."

"ಇದೇನ್ ಒಸ್ದಾ? ನಾನ್ ಎತ್ಕೊಟ್ರೆ ಇಂದ್ಲೋರು ಅದ್ನೇ ಯೋಳ್ತಿರ್ಲಿಲ್ವಾ? ಮುಂದಕ್ಕೆ ಯೋಳು."

ಮೊದಲ ಸಾಲಿಗೆ ಎ ಕಾರ್ಡು, ಅದು ಮನೆ. ಸಾಲು ಮರಳಿ ಬಂದಾಗ ಡಿ, ಪಕ್ಕದ ಮನೆಗೆ ಹೋಗಿಬಂದ ಹಾಗೆ. ಉತ್ತರಕ್ಕೆ ಇ, ಅದು ಊರಾಚೆ. "ಇಲ್ಲೇ ನಿಲ್ಲಂಗಿಲ್ಲ ಅತ್ತೆ. ಕೇಳೋರ ಜೀವ ಮನೆಗೆ ಬಾ, ಮನೆಗೆ ಬಾ ಅಂತದೆ."

ಪುಟ್ಟಲಕ್ಷ್ಮಿ ಬೇಕೆಂದೇ ಅಲ್ಲೇ ನಿಂತಳು. ಇ ಬಾರಿಸಿದಳು, ಬಾರಿಸುತ್ತಲೇ ಇದ್ದಳು. ಜಗುಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಗಂಡ ಸಣ್ಣಯ್ಯ ತಡೆಯಲಾರದೆ ಕೂಗಿದ: "ಅದೇನೇ ಅದು, ಮುಗ್ಸೇ ಅತ್ಲಾಗೆ! ಯಾವ ಆರ್ಕೆಸ್ಟ್ರಾಕ್ ಸೇರ್ಕೊಂಡಿದ್ದೀಯೆ?"

"ನಿನ್ ತಿಥೀಗ್ ಬಾರ್ಸಕ್ಕೆ" ಎಂದಳು. ಪಿಸುಮಾತು ಜಗುಲಿ ಮುಟ್ಟಲಿಲ್ಲ. ಪವಿತ್ರ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ತಂಗಿಯ ಮಗಳು ಚೈತ್ರಳ ಮದುವೆ ಪಿರಿಯಾಪಟ್ಟಣದ ಛತ್ರದಲ್ಲಿ ನಡೆಯಿತು. ಬೀಗರು ಸರಗೂರಿನವರು. ಗಿಟಾರು ತಬ್ಬಿಕೊಂಡು ಚಾಪೆಯ ಮುಂದೆ ಕೂತವಳನ್ನು ಕಂಡು, ಅವಳ ದನಿ ಹೋದ ಸುದ್ದಿ ಮೊದಲೇ ಕೇಳಿದ್ದ ಹುಡುಗನ ಸೋದರತ್ತೆ ಸುನಂದಮ್ಮ ಛತ್ರಕ್ಕೆಲ್ಲ ಕೇಳುವಂತೆ ಅಂದಳು: "ಏನ್ರವ್ವ, ಎಣ್ಣಿನ ಕಡೇಲಿ ಆಡೋರ್ಗೆ ಬರ ಬಂತಾ? ಮೂಗೀನ ಮುಂದಕ್ಕೆ ಕೂರ್ಸವ್ರೆ!"

ಗಂಡಿನ ಕಡೆಯವರು ಗೊಳ್ಳೆಂದರು. ತಂಗಿ ಓಡಿಬಂದು ರಟ್ಟೆ ಹಿಡಿದಳು. "ಏಳಕ್ಕ, ನಿನ್ ದಮ್ಮಯ್ಯ."

ಪುಟ್ಟಲಕ್ಷ್ಮಿ ರಟ್ಟೆ ಕೊಡವಿಕೊಂಡಳು. ಸೊಸೆಯ ಕಿವಿಯಲ್ಲಿ ಪದ ಕಟ್ಟಿ ಉಸುರಿ, ಎ ಬಾರಿಸಿದಳು. ಪವಿತ್ರ ಹಾಡಿದಳು:

"ಸರಗೂರ ಬೀಗ್ತಿ ಬಸ್ಸತ್ತಿ ಬಂದವ್ಳೆ ಬಾಯ್ ಮಾಡ್ಕೊಂಡು."

ಡಿ ಬಂತು. ಅದೇ ಸಾಲನ್ನು ಹಿಂದಿನ ಹೆಂಗಸರೆಲ್ಲ ಎತ್ತಿಕೊಂಡರು. ಆಮೇಲೆ ಇ:

"ಬಾಯಿ ಜ್ವಾಪಾನ ಇಳಿಸ್ಕೊಂಡ್ಳು, ಕಿವೀನ ಸೀಟಲ್ಲೇ ಮರ್ತವ್ಳೆ!"

ಛತ್ರ ನಗೆಯಲ್ಲಿ ಮುಳುಗಿತು. ಆದರೆ ಪುಟ್ಟಲಕ್ಷ್ಮಿ ಇ ಬಿಡಲಿಲ್ಲ. ನಗು ನಿಂತಿತು, ತಂತಿ ನಿಲ್ಲಲಿಲ್ಲ.

"ಅತ್ತೆ, ಎ ಕಾರ್ಡಿಗೆ ಬನ್ನಿ" ಎಂದಳು ಪವಿತ್ರ.

"ಅವ್ಳು ಉತ್ರ ಕೊಡ್ಲಿ. ಆಮೇಕ್ ಬತ್ತೀನಿ."

ಹಂಗಿಸಿಕೊಂಡವರು ಹಾಡಿನಲ್ಲೇ ತಿರುಗಿ ಹಂಗಿಸಬೇಕು, ಅದು ಕ್ರಮ. ಸುನಂದಮ್ಮ ಮುಖ ತಿರುಗಿಸಿದಳು. ಇ ಹಾಗೇ ಸುತ್ತುತ್ತಿತ್ತು. ಊಟದ ಮನೆಯಿಂದ ಜನ ಕೈ ತೊಳೆಯದೆ ಬಂದು ನಿಂತರು. ಕೊನೆಗೆ ಗಂಡಿನ ಕಡೆಯವರೇ ಸುನಂದಮ್ಮನನ್ನು ತಿವಿದರು: "ಏನಾರ ಒಂದ್ ಪದ ಆಡಕ್ಕೋ, ತಡ್ಕೊಳಕ್ಕಾಯ್ತಿಲ್ಲ!"

ಸುನಂದಮ್ಮ ಸೊಂಟದ ಮೇಲೆ ಕೈಯಿಟ್ಟಳು:

"ಮರ್ತ ಕಿವಿ ಓಡೋಡ್ ಬಂದೊ ಬೀಗ್ತಿ, ನಿನ್ ತಂತಿ ಕಾಟ ತಡೀನಾರ್ದೆ!"

ಆಗ ಪುಟ್ಟಲಕ್ಷ್ಮಿ ಎ ಕಾರ್ಡಿಗೆ ಬಂದಳು. ಇಡೀ ಛತ್ರ ಉಸಿರು ಬಿಟ್ಟಿತು.

ಮೈಕಿನವನು ವೈರು ಎಳೆದುಕೊಂಡು ಬಂದ. "ಎಲ್ಲಿಡ್ಲಿ ಅಕ್ಕ?"

ಅವಳು ಗದ್ದದಲ್ಲೇ ಗಿಟಾರಿನ ಹೊಟ್ಟೆಯ ಕಡೆ ತೋರಿಸಿದಳು.