ಏಳನೆಯ ಪ್ರಶ್ನೆ

ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ಅಂದು ಕಾಶಮ್ಮ ಕೂತಿದ್ದು ಬೇವಿನ ಮರದ ಕೆಳಗೋ, ಮನೆಯ ಕಟ್ಟೆಯ ಮೇಲೋ, ಡೈರಿಯಲ್ಲೂ ಬರೆದಿಲ್ಲ. ಯಾರೂ ಇಲ್ಲದೆ ದನಿ ಕೇಳಿಸುವಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ರೋಗಿಗಳು ಹೇಳಿದರೆ ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳುತ್ತಿದ್ದೆ, ಅಷ್ಟೆ.

ನಾನು ವೈದ್ಯಕೀಯ ಓದಿದ್ದು ಕಿರ್ಗಿಸ್ತಾನದಲ್ಲಿ. ಮರಳಿ ಬಂದು, ಅರ್ಹತಾ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿ, ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಗಿಸಿದೆ. ಆದರೂ ಕಾಲೇಜಿನಲ್ಲಿ ಕಲಿಸುವ ಕೆಲಸಕ್ಕೆ ಹೋದಲ್ಲೆಲ್ಲ ಮೊದಲು ನೋಡುತ್ತಿದ್ದುದು ಆ ಹಳೆಯ ಪದವಿಯನ್ನೇ. "ದುಭಾಷಿಯನ್ನು ಇಟ್ಟುಕೊಂಡು ರೋಗಿಯ ಮಾತು ಕೇಳಿದವರು ನೀವು," ಎಂದು ಒಬ್ಬರು ನಕ್ಕರು. ಅದಕ್ಕೇ ನನ್ನ ಸೀಮೆಯ ಜನರ ಮೇಲೆ ಸಂಶೋಧನಾ ಲೇಖನ ಬರೆಯಲು ಹೊರಟೆ. ಪ್ರಶ್ನಾವಳಿಯ ಹಾಳೆ ಹಿಡಿದು ಬಸವಕಲ್ಯಾಣದ ಸುತ್ತ ಇಪ್ಪತ್ತು ಜನರನ್ನು ಮಾತಾಡಿಸಬೇಕಿತ್ತು. ಕುರಿ ಕಾಯುವ ಮುದುಕಿ ಕಾಶಮ್ಮ ಕೊನೆಯವಳು.

ಏಳನೆಯ ಪ್ರಶ್ನೆ: ಬೇರೆಯವರಿಗೆ ಕೇಳದ ದನಿ ನಿಮಗೆ ಕೇಳಿಸುತ್ತದೆಯೇ?

"ಕೇಳ್ತದ್ರಿ. ಯಾರಿಗಿ ಕೇಳಂಗಿಲ್ಲ? ಒಂದೇ ಸಲ ಕರದ್ರ ಓ ಅನಬಾರ್ದು. ಮೂರು ಸಲ ಕರದ್ರ ಮನಷ್ಯಾರು ಅಂತ ತಿಳೀಬೇಕು. ಇಷ್ಟೂ ಗೊತ್ತಿಲ್ದ ಯಾವ ದೇಶದಾಗ ಓದಿ ಬಂದೀರಿ, ಡಾಕ್ಟರ್ ಬಾಯಿ?"

ನಾನೂ ನಕ್ಕು, "ಹೌದು" ಎಂಬಲ್ಲಿ ಗುರುತು ಹಾಕಲು ಪೆನ್ನು ಊರಿದೆ. ಆಗ ಬೆನ್ನ ಹಿಂದಿನಿಂದ ಸ್ಪಷ್ಟವಾಗಿ ಕೇಳಿತು: "ಗುಡ್ಡೀ."

ನನ್ನನ್ನು ಹಾಗೆ ಕರೆಯುವವಳು ಒಬ್ಬಳೇ, ನನ್ನನ್ನು ಸಾಕಿದ ಕಾಕು, ಚಿಕ್ಕಪ್ಪನ ಹೆಂಡತಿ. "ಓ" ಅಂದುಬಿಟ್ಟೆ. ತಿರುಗಿದರೆ ಬಿಸಿಲು, ಬೇಲಿ, ಕುರಿಗಳು. ಕಾಕು ಇದ್ದದ್ದು ಬಸ್ಸಿನಲ್ಲಿ ಒಂದು ತಾಸು ದೂರದ ಹುಮನಾಬಾದಿನ ಮನೆಯಲ್ಲಿ.

ಕಾಶಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಯಾರಿಗಿ ಓ ಅಂದ್ರಿ? ನನಗೇನೂ ಕೇಳಿಲ್ಲ." ಹಾಳೆಯತ್ತ ಕೈ ತೋರಿಸಿದಳು. "ನನ್ನ ಹೆಸರಿನ ಕೆಳಗ ನಿಮ್ದೂ ಬರಕೋರಿ."

ಸಂಜೆ ಹುಮನಾಬಾದ್ ಮುಟ್ಟಿದಾಗ ಕಾಕುವನ್ನು ಆಸ್ಪತ್ರೆಗೆ ಒಯ್ದಿದ್ದರು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು. ಎಷ್ಟು ಗಂಟೆಗೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ನಾನೂ ಗಡಿಯಾರ ನೋಡಿರಲಿಲ್ಲ. ಆ ಕರೆಯೂ ಲಕ್ವಾ ಹೊಡೆದದ್ದೂ ಒಂದೇ ಹೊತ್ತೆಂದು ಆಮೇಲೆ ನಾನೇ ಹೊಂದಿಸಿಕೊಂಡೆನೋ ಏನೋ.

ಇದಾಗಿ ಎರಡು ವರ್ಷ. ಲೇಖನ ಕಳಿಸಿಲ್ಲ. ಅದಿಲ್ಲದೆ ಕೆಲಸವೂ ಇಲ್ಲ. ಕಾಶಮ್ಮನಿಗೆ "ಹೌದು" ಹಾಕಿದರೆ ನನಗೂ ಹಾಕಬೇಕು. ಇಬ್ಬರನ್ನೂ ಬಿಟ್ಟರೆ, ಅದೇ ಮಾತು ಹೇಳಿದ ಉಳಿದವರನ್ನು ರೋಗಿಗಳೆಂದು ಹೇಗೆ ಬರೆಯಲಿ?

ಚಹಾ ಬೇಕೇ, ಫ್ಯಾನು ಹಚ್ಚಲೇ ಎಂದರೆ ಕಾಕು ತಲೆಯಾಡಿಸಿ ಹೌದು, ಇಲ್ಲ ಹೇಳುತ್ತಾಳೆ. ನಿನ್ನೆ ಪಕ್ಕದಲ್ಲಿ ಕೂತು, ಇಷ್ಟು ದಿನ ಕೇಳಲಾಗದ್ದನ್ನು ಕೇಳಿದೆ. ತಲೆ ಅಲ್ಲಾಡಲಿಲ್ಲ. ಅವಳು ನನ್ನ ಬೆನ್ನ ಹಿಂದೆಯೇ ನೋಡುತ್ತಿದ್ದಳು.

"ಕಾಕು, ಅವತ್ತು ನನ್ನ ಕರದಾಕಿ ನೀನೇ ಏನು?"